ಮಂದಿ ಕಂಪ್ಯೂಟರಿಗೆ ಹಚ್ಚಬಾರದ ಡಿಸ್ಕು

ಹಾರ್ಡ್ ಡಿಸ್ಕು ಬದುಕಿದೆಯೋ ಸತ್ತಿದೆಯೋ ತಿಳಿಯಬೇಕಾದರೆ ಅದರ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ಸುಮ್ಮನಿರಬೇಕು. ಬದುಕಿದ್ದರೆ ಒಳಗೆ ಏನೋ ಗಿರಗಿರ ತಿರುಗುವುದು ಚರ್ಮಕ್ಕೆ ಗೊತ್ತಾಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ, ಕಸ ಗುಡಿಸಿ, ಊದಿನಕಡ್ಡಿ ಬೆಳಗಿ, ಡಿಸ್ಕನ್ನು ಕಂಪ್ಯೂಟರಿಗೆ ಹಚ್ಚಿ, ಎದ್ದಿತೋ ಇಲ್ಲವೋ ಎಂದು ಅದರ ಮೈ ಮುಟ್ಟಿ ನೋಡುವುದು ನನ್ನ ರೂಢಿ. ಕಂಪ್ಯೂಟರು ಅದನ್ನು ಗುರುತು ಹಿಡಿಯದೆ ಹೋದ ದಿನವೂ ನನ್ನ ಕೈ ಸರಿಯಾಗಿಯೇ ಹೇಳಿತ್ತು, ಇದು ಬದುಕಿದೆ ಎಂದು. ನಾನು ನನ್ನ ಕೈಯನ್ನು ಬಿಟ್ಟು ತಂಗಿಯ ಮಾತನ್ನು ನಂಬಿದೆ. ಒಡಹುಟ್ಟಿದವಳನ್ನು ನಂಬದೆ ಇನ್ನಾರನ್ನು ನಂಬಬೇಕಿತ್ತು ಎಂದು ಈಗಲೂ ಸಿಟ್ಟಿನಿಂದಲೇ ಕೇಳಿಕೊಳ್ಳುತ್ತೇನೆ.

ಯಾದಗಿರಿಯಲ್ಲಿ ಸ್ಟೇಷನ್ನಿಗೆ ಹೋಗುವ ರಸ್ತೆಯ ಒಳಗಲ್ಲಿಯಲ್ಲಿ ನನ್ನ ಅಂಗಡಿ. ಕಂಪ್ಯೂಟರ್ ಎಂಬ್ರಾಯ್ಡರಿ ಮಾಡುತ್ತೇನೆ. ಹೆಚ್ಚಾಗಿ ಮದುವೆ ಹೆಣ್ಣುಮಕ್ಕಳ ಜಂಪರುಗಳು, ಬೆನ್ನಿಗೂ ತೋಳಿಗೂ ಕಸೂತಿ. ಮೊದಲು ಹಾಳೆಯ ಮೇಲೆ ಚಿತ್ರ ಬರೆಯಬೇಕು. ಆಮೇಲೆ ಅದನ್ನು ಕಂಪ್ಯೂಟರಿನಲ್ಲಿ ಹೊಲಿಗೆಯಾಗಿ ಬದಲಿಸಬೇಕು, ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ತಿರುಗಬೇಕು, ಎಲ್ಲಿ ದಾರ ಬದಲಾಗಬೇಕು ಎಂದು ಒಂದೊಂದನ್ನೂ ತಿಳಿಸಬೇಕು. ಇದಕ್ಕೆ ನಮ್ಮ ಕಸುಬಿನಲ್ಲಿ ಪಂಚಿಂಗ್ ಎನ್ನುತ್ತಾರೆ. ಅದು ಮುಗಿದರೆ ಉಳಿದದ್ದು ಯಂತ್ರದ ಕೆಲಸ.

ಬೇರೆ ಅಂಗಡಿಯವರು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ನವಿಲುಗಳನ್ನು ಇಳಿಸಿಕೊಳ್ಳುತ್ತಾರೆ. ಜಿಲ್ಲೆಯ ಅರ್ಧ ಮದುವಣಗಿತ್ತಿಯರ ಬೆನ್ನ ಮೇಲೆ ಒಂದೇ ನವಿಲು ಕೂತಿದೆ. ನಾನು ಹುಟ್ಟಿ ಬೆಳೆದದ್ದು ಮುದನಾಳದಲ್ಲಿ, ನನಗೆ ನವಿಲಿನ ಹಂಗು ಬೇಕಾಗಲಿಲ್ಲ. ತೊಗರಿ ಹೂವು ಬರೆದೆ, ಜೋಳದ ತೆನೆ ಬರೆದೆ, ಮೆಣಸಿನ ಗಿಡ ಬರೆದೆ. ಎಲ್ಲಕ್ಕಿಂತ ಹೆಸರಾದದ್ದು ಹತ್ತಿಕಾಯಿ. ಒಣಗಿದ ಕಾಯಿ ಬಾಯಿ ಬಿಟ್ಟು ಬಿಳಿ ಅರಳೆ ಹೊರಗೆ ಇಣುಕುವ ಹೊತ್ತು ಇದೆಯಲ್ಲ, ಅದನ್ನು ಬೆನ್ನ ನಡುವೆ ಗೊಂಚಲಾಗಿ ಕೂಡಿಸಿದ್ದೆ. ಶಹಾಪುರದಿಂದ, ವಡಗೇರಾದಿಂದ ಹೆಣ್ಣುಮಕ್ಕಳು ಅದನ್ನೇ ಕೇಳಿಕೊಂಡು ಬರುತ್ತಿದ್ದರು. ನನ್ನ ಇಷ್ಟು ವರ್ಷಗಳ ಬಾಳ್ವೆ ಎಂದರೆ ಆ ಡಿಸೈನುಗಳು, ಆ ಡಿಸೈನುಗಳೆಲ್ಲ ಇದ್ದದ್ದು ಆ ಒಂದು ಡಿಸ್ಕಿನಲ್ಲಿ.

ಒಂದೇ ಡಿಸ್ಕಿನಲ್ಲಿ ಯಾಕೆ ಇಟ್ಟಿರಿ ಎಂದು ಓದಿದವರು ಕೇಳುತ್ತಾರೆ. ನಮ್ಮ ಕಸುಬು ತಿಳಿದವರು ಕೇಳುವುದಿಲ್ಲ. ನಮಗಿರುವುದು ಒಂದೇ ಹೆದರಿಕೆ, ಕಾಪಿ ಹೊಡೆದಾರು ಎಂಬುದು. ಸೀರೆ ಕದ್ದರೆ ಕಪಾಟು ಬರಿದಾಗುತ್ತದೆ, ಗೊತ್ತಾಗುತ್ತದೆ. ಡಿಸೈನು ಕದ್ದರೆ ಅದು ಇದ್ದಲ್ಲೇ ಇರುತ್ತದೆ, ಮುಂದಿನ ಮದುವೆಯಲ್ಲಿ ಯಾರದೋ ಬೆನ್ನ ಮೇಲೆ ನೋಡಿದಾಗಲೇ ಎದೆ ಧಸಕ್ ಎನ್ನುವುದು. ಅದಕ್ಕೇ ಎಂಬ್ರಾಯ್ಡರಿಯವರು ಎರಡನೆಯ ಕಾಪಿ ಮಾಡುವುದಿಲ್ಲ, ಎರಡು ಇದ್ದರೆ ಕಾಯುವುದೂ ಎರಡು ಕಡೆ. ಡಿಸ್ಕನ್ನು ಮಂದಿ ಕಂಪ್ಯೂಟರಿಗಂತೂ ಸತ್ತರೂ ಹಚ್ಚುವುದಿಲ್ಲ. ಕಂಪ್ಯೂಟರು ಕೆಟ್ಟು ರಿಪೇರಿಯವರು ಬಂದರೆ ನಾನು ಮೊದಲು ಡಿಸ್ಕು ಕಿತ್ತು ಸೆರಗಿನಲ್ಲಿ ಸುತ್ತಿ ಮನೆಗೆ ಒಯ್ಯುತ್ತಿದ್ದೆ. ಅದಕ್ಕೊಂದು ಖಣದ ಚೀಲ ಹೊಲಿದಿದ್ದೆ. ಹತ್ತಿ ಗಿರಣಿಯಲ್ಲಿ ಕೆಲಸ ಮಾಡುವ ನನ್ನ ಗಂಡ, ನನಗೊಂದು ಅಂಗಿ ಹೊಲಿಯಲಿಲ್ಲ, ಅದಕ್ಕೆ ಹೊಲಿದಳು ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಈ ನಿಯಮ ತಂಗಿಗೆ ಇರಲಿಲ್ಲ. ಅವ್ವ ತೀರಿಕೊಂಡಾಗ ಅವಳಿನ್ನೂ ಲಂಗ ತೊಡುವ ಹುಡುಗಿ. ನಾನೇ ತಲೆ ಬಾಚಿದೆ, ಸಾಲೆಗೆ ಕಳಿಸಿದೆ, ಕಂಪ್ಯೂಟರ್ ಕ್ಲಾಸಿಗೆ ಹಚ್ಚಿದೆ. ಅಂಗಡಿಯಲ್ಲಿ ನಾನು ಚಿತ್ರ ಬರೆಯುವವಳು, ಅವಳು ಪಂಚಿಂಗ್ ಮಾಡುವವಳು. ಕಂಪ್ಯೂಟರಿನಲ್ಲಿ ನನಗೆ ತೆಗೆಯಲು, ಮುಚ್ಚಲು, ಪೆನ್ ಡ್ರೈವಿಗೆ ಹಾಕಲು ಬರುತ್ತಿತ್ತು, ಆಮೇಲೆ ಪಂಚಿಂಗೂ ಕಲಿತೆ. ಅದರ ಆಚೆಗಿನದೆಲ್ಲ ಅವಳಿಗೇ ಗೊತ್ತು. ಸುರಪುರಕ್ಕೆ ಲಗ್ನ ಮಾಡಿ ಕೊಟ್ಟ ಮೇಲೆ ಅಲ್ಲಿ ಅವಳೂ ಒಂದು ಯಂತ್ರ ಹಾಕಿದಳು. ನಾನು ಊರೆಲ್ಲ ಸಕ್ಕರೆ ಹಂಚಿದೆ. ತವರು ಎಂದರೆ ಅವಳಿಗೆ ನನ್ನ ಮನೆಯೇ, ಪಂಚಮಿಗೆ ಬಂದರೆ ಉಂಡಿ, ಜೋಳದ ಅಳ್ಳು, ಉಡಿ ತುಂಬುವುದು ಎಲ್ಲ ನನ್ನ ಕೈಯಿಂದಲೇ.

ಆ ವರ್ಷವೂ ಪಂಚಮಿಗೆ ಬಂದಳು. ಹೊರಡುವ ದಿನ ನಾನು ಮನೆಯಲ್ಲಿ ಶೇಂಗಾ ಉಂಡಿ ಕಟ್ಟಿ ಡಬ್ಬಿಗೆ ತುಂಬುತ್ತಿದ್ದೆ. ಅಂಗಡಿಗೆ ಹೋಗಿ ಕಂಪ್ಯೂಟರಿನ ಬ್ಯಾಡಾದದ್ದೆಲ್ಲ ತೆಗೆದು ಹಗುರ ಮಾಡಿ ಬರುತ್ತೇನೆ ಎಂದು ಕೀಲಿ ಕೇಳಿದಳು. ನನಗೆ ಕಕ್ಕುಲಾತಿ. ಹಬ್ಬಕ್ಕೆ ಬಂದವಳು ನನ್ನ ಅಂಗಡಿಯ ಕೆಲಸಕ್ಕೆ ಕೂತಳಲ್ಲ ಎಂದು ಇನ್ನೂ ನಾಲ್ಕು ಉಂಡಿ ಹೆಚ್ಚಿಗೆ ಹಾಕಿದೆ. ಸಂಜೆ ಬಸ್ಸಿಗೆ ಕೂರಿಸಿ ಬಂದೆ.

ಮರುದಿನ ಡಿಸ್ಕು ಹಚ್ಚಿದರೆ ಪರದೆಯ ಮೇಲೆ ಅದರ ಸುಳಿವೇ ಇಲ್ಲ. ಕಂಪ್ಯೂಟರಿನದೇ ಆದ ಸಿ ಇತ್ತು, ಡಿ ಇತ್ತು. ಇ ಎಂದು ಬರುವ ನನ್ನ ಡಿಸ್ಕು ಮಾತ್ರ ಇಲ್ಲ. ದೀಪ ಉರಿಯುತ್ತಿತ್ತು. ಕೈ ಇಟ್ಟೆ, ತಿರುಗುತ್ತಿತ್ತು. ತೆಗೆದು ಹಚ್ಚಿದೆ, ಮತ್ತೆ ತೆಗೆದು ಹಚ್ಚಿದೆ. ಯಾರಿಗೆ ಫೋನು ಮಾಡುತ್ತೇನೆ, ತಂಗಿಗೇ ಮಾಡಿದೆ.

“ಗಾಬರಿ ಆಗಬ್ಯಾಡಕ್ಕ,” ಅಂದಳು. “ನಾ ಇದ್ದೀನಲ್ಲ.”

ಆ ತಣ್ಣನೆಯ ಮಾತಿನ ನೆನಪು ಇಂದಿಗೂ ನನ್ನ ಮೈ ಉರಿಸುತ್ತದೆ. ಎಷ್ಟು ತಾಳ್ಮೆಯಿಂದ ಹೇಳಿಕೊಟ್ಟಳು. ವಾಯರನ್ನು ಆ ಕಡೆಯಿಂದ ಕಿತ್ತು ಕಂಪ್ಯೂಟರಿನ ಹಿಂದಿನ ತೂತಿಗೆ ಹಾಕು ಎಂದಳು, ಮುಂದಿನ ತೂತಿಗೆ ಕರೆಂಟು ಸಾಲದಂತೆ. ಬಗ್ಗಿ, ಧೂಳು ಕುಡಿದು, ಹಾಕಿದೆ. ಬರಲಿಲ್ಲ. ಎಲ್ಲ ಆರಿಸಿ ಮತ್ತೆ ಹಚ್ಚು ಎಂದಳು. ಬರಲಿಲ್ಲ. ಮೌಸು, ಪ್ರಿಂಟರು ಎಲ್ಲದರ ವಾಯರು ಕಿತ್ತು ಡಿಸ್ಕೊಂದನ್ನೇ ಬಿಡು ಎಂದಳು. ಮೌಸು ಕಿತ್ತ ಮೇಲೆ ನೋಡುವುದು ಹೇಗೆ ಎಂದು ನಾನು ಕೇಳಿದೆ, ಇಬ್ಬರೂ ನಕ್ಕೆವು. ನಕ್ಕಿದ್ದಳು ಅವಳು ಆ ಹೊತ್ತಿಗೆ. ವಾಯರೇ ಕೆಟ್ಟಿರಬೇಕು, ಬೇರೆ ತಗೋ ಎಂದಳು. ಆ ಅಗಲ ಬಾಯಿಯ ವಾಯರು ಯಾದಗಿರಿಯ ಮೊಬೈಲ್ ಅಂಗಡಿಗಳಲ್ಲಿ ಸಿಗಲಿಲ್ಲ, ಶಹಾಪುರಕ್ಕೆ ಹೋಗುವವರ ಕಾಲು ಹಿಡಿದು ತರಿಸಿದೆ. ಹೊಸ ವಾಯರಿಗೂ ಅದೇ ಪಾಡು.

ಆಮೇಲೆ ಕುಂಕುಮದ ಮಾತು ತೆಗೆದಳು. ಶುಕ್ರವಾರಕ್ಕೊಮ್ಮೆ ನಾನು ಯಂತ್ರಕ್ಕೆ, ಕಂಪ್ಯೂಟರಿಗೆ, ಡಿಸ್ಕಿಗೆ ಅರಿಷಿಣ ಕುಂಕುಮ ಹಚ್ಚುವುದು ಅವಳಿಗೆ ಗೊತ್ತಲ್ಲ. ಅದೇ ಉದುರಿ ಡಿಸ್ಕಿನ ಬಾಯಲ್ಲಿ ಹೋಗಿ ಕೂತಿರಬೇಕು, ಒದ್ದೆ ಬೊಟ್ಟಿನ ನೀರು ಇಳಿದಿರಬೇಕು, ಅದಕ್ಕೇ ಹೀಗಾಗಿದೆ ಎಂದಳು. ನಾನು ಹಳೆಯ ಹಲ್ಲುಜ್ಜುವ ಬ್ರಷ್ಷು ತಗೊಂಡು ಅದರ ಬಾಯಿ ತಿಕ್ಕಿದೆ. ಒಂದು ಚಿಟಿಕೆ ಕೆಂಪು ಬಿತ್ತು ನಿಜ. ಅದನ್ನು ನೋಡಿ ನನ್ನ ಜೀವ ಹೋಯಿತು. ದೇವರ ಮುಂದೆ ಕೂತು, ನನ್ನ ಕೈಯಾರೆ ನನ್ನ ಅನ್ನಕ್ಕೆ ಮಣ್ಣು ಹಾಕಿಕೊಂಡೆ ಎಂದು ಅತ್ತೆ. ಅತ್ತದ್ದನ್ನು ಅವಳಿಗೂ ಹೇಳಿದೆ. ಅಳಬೇಡ ಎಂದು ಸಮಾಧಾನ ಮಾಡಿದವಳೂ ಅವಳೇ.

ಕೈಗೆ ತಿರುಗುವುದು ಗೊತ್ತಾಗುತ್ತದಲ್ಲ, ಬದುಕಿದೆಯಲ್ಲ ಎಂದರೆ, ಅದು ಬರೀ ಕರೆಂಟಿನ ನಡುಕ ಎಂದಳು. ಸತ್ತ ಡಿಸ್ಕುಗಳೂ ಹಾಗೆ ತಿರುಗುತ್ತವಂತೆ, ಒಳಗೆ ಏನೂ ಇರುವುದಿಲ್ಲವಂತೆ. ಬೇರೆ ಕಂಪ್ಯೂಟರಿಗೆ ಒಮ್ಮೆ ಹಚ್ಚಿ ನೋಡಲೇ ಎಂದು ನಾನೇ ಕೇಳಿದೆ. ಆಗ ಮಾತ್ರ ಅವಳ ದನಿ ಬಿಗಿಯಾಯಿತು.

“ಮಂದಿ ಕಂಪ್ಯೂಟರಿಗಿ ಹಚ್ಚಬ್ಯಾಡ ನೋಡಕ್ಕ. ಅಕಸ್ಮಾತ್ ಎದ್ರ, ನೀ ನೀರ ಕುಡದು ಬರೋದ್ರಾಗ ಕಾಪಿ ಹೊಡಿತಾರ. ನಿನಗ್ಯಾರ ಹೇಳಬೇಕದನ್ನ.”

ಹೌದಲ್ಲ ಎನಿಸಿತು. ಅದು ನನ್ನದೇ ನಿಯಮ, ನಾನೇ ಅವಳಿಗೆ ಕಲಿಸಿದ್ದು. ಡಿಸ್ಕು ಗುರುತು ಹಿಡಿಯದಿದ್ದರೆ ಎಲ್ಲರೂ ಮೊದಲು ಮಾಡುವುದು ಬೇರೆ ಕಂಪ್ಯೂಟರಿಗೆ ಹಚ್ಚಿ ನೋಡುವುದು ಎಂದು ನನಗೆ ಆಮೇಲೆ ತಿಳಿಯಿತು. ನಮ್ಮ ಕಸುಬಿನವರು ಮಾತ್ರ ಅದನ್ನು ಮಾಡುವುದಿಲ್ಲ. ಅದು ತಂಗಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ, ಡಿಸ್ಕನ್ನು ನನಗೇ ಕಳಿಸು, ಕಲಬುರಗಿಯಲ್ಲಿ ತೋರಿಸುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ ಎಂದಳು. ಖಣದ ಚೀಲಕ್ಕೆ ಹಾಕಿ, ಸುರಪುರದ ಬಸ್ಸಿನವರ ಕೈಗೆ ಕೊಡಬೇಕೆಂದು ಇಟ್ಟೆ. ಇವತ್ತು ನಾಳೆ ಎಂದು ಉಳಿಯಿತು. ಕೈಯಿಂದ ಬಿಡಲು ಮನಸ್ಸೇ ಬರುತ್ತಿರಲಿಲ್ಲ.

ಅಷ್ಟರಲ್ಲಿ ಹತ್ತಿಕುಣಿಯಿಂದ ಒಬ್ಬ ತಾಯಿ ಬಂದರು. ಮಗಳ ಮದುವೆ ದೀಪಾವಳಿ ದಾಟಿದ ಮೇಲೆ. ಜಂಪರಿಗೆ ಹತ್ತಿಕಾಯಿಯೇ ಬೇಕು, ಮಗಳು ಬೇರೆ ಏನು ತೋರಿಸಿದರೂ ಒಲ್ಲೆ ಅನ್ನುತ್ತಾಳೆ ಎಂದರು. ನಾನು ಏನು ಹೇಳಲಿ. ಡಿಸೈನುಗಳೆಲ್ಲ ಸತ್ತುಹೋಗಿವೆ ಎಂದೆ. ಹೊಸದಾಗಿ ಬರೆದುಕೊಡಬಹುದು, ಆದರೆ ಅದೇ ಕೈ ಮತ್ತೆ ಬರುವುದಿಲ್ಲ, ಬರೆದವರಿಗೆ ಗೊತ್ತು. ಆ ತಾಯಿ ಕುರ್ಚಿ ಎಳೆದುಕೊಂಡು ಕೂತು ಎಲ್ಲ ಕೇಳಿಕೊಂಡರು. ಕಾಲೇಜಿನಲ್ಲಿ ಮಗಳಿಗೆ ಕೊಟ್ಟ ಲ್ಯಾಪ್‌ಟಾಪು ಮನೆಯಲ್ಲಿದೆ, ಹೇಗೂ ಅಳತೆ ತಗೊಳ್ಳಲು ಬರುತ್ತೀರಿ, ಡಿಸ್ಕು ಹಿಡಿದುಕೊಂಡೇ ಬನ್ನಿ ಎಂದರು. ನಾನು ಕಸುಬಿನ ನಿಯಮ ಹೇಳಿದೆ.

“ಸತ್ತದ್ರಾಗ ಏನ್ರಿ ಕಳವಾಗ್ತದ?” ಅಂದರು. “ಬರ್ರಿ, ಹಚ್ಚಿ ನೋಡೂಣು.”

ಅಳತೆಯ ಟೇಪಿನ ಜೊತೆ ಖಣದ ಚೀಲವನ್ನೂ ಎತ್ತಿಕೊಂಡೆ. ಹತ್ತಿಕುಣಿಗೆ ಹೋದೆ. ಹುಡುಗಿ ಲ್ಯಾಪ್‌ಟಾಪನ್ನು ಮಂಚದ ಮೇಲೆ ಇಟ್ಟು ಎದ್ದು ನಿಂತಳು. ನಾನೇ ವಾಯರು ಹಚ್ಚಿದೆ. ಟುಣ್ ಎಂದಿತು. ಇನ್ನೂ ನಾನು ಕಣ್ಣು ಪಿಳುಕಿಸಿರಲಿಲ್ಲ, ಪರದೆಯ ತುಂಬ ನನ್ನ ಫೋಲ್ಡರುಗಳು. ತೊಗರಿ ಹೂವು, ಜೋಳದ ತೆನೆ, ಮೆಣಸಿನ ಗಿಡ, ಹತ್ತಿಕಾಯಿ. ಒಂದೂ ಅತ್ತಿತ್ತ ಆಗಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಅತ್ತೆ. ಆ ತಾಯಿ ಸಕ್ಕರೆ ತಂದು ಬಾಯಿಗೆ ಹಾಕಿದರು. ಅತ್ತ ಕಣ್ಣಿನಲ್ಲೇ ನಾನು ಆ ಹುಡುಗಿ ಎಲ್ಲಿ ಕಾಪಿ ಹೊಡೆದಾಳೋ ಎಂದು ಡಿಸ್ಕು ಕಿತ್ತು ಚೀಲಕ್ಕೆ ಹಾಕಿಕೊಂಡೆ. ರೂಢಿ ಅಷ್ಟು ಬೇಗ ಬಿಡುವುದಿಲ್ಲ.

ಓಡೋಡಿ ಅಂಗಡಿಗೆ ಬಂದು ನನ್ನ ಕಂಪ್ಯೂಟರಿಗೆ ಹಚ್ಚಿದರೆ ಮತ್ತೆ ಇಲ್ಲ. ಸಿ ಇದೆ, ಡಿ ಇದೆ, ನನ್ನದಿಲ್ಲ. ಹಾಗಾದರೆ ಡಿಸ್ಕು ಕೆಟ್ಟಿಲ್ಲ, ನನ್ನ ಕಂಪ್ಯೂಟರಿಗೇ ಅದು ಬೇಡವಾಗಿದೆ. ತಂಗಿಗೆ ಹೇಳಬೇಕೆಂದು ಫೋನು ಎತ್ತಿದೆ. ಮಂದಿ ಕಂಪ್ಯೂಟರಿಗೆ ಹಚ್ಚಿದ್ದಕ್ಕೆ ಬೈಯುತ್ತಾಳೆ ಎಂದು ಅಂಜಿ ಕೆಳಗಿಟ್ಟೆ. ಹಾಗೆ ಅಂಜದೆ ಹೋಗಿದ್ದರೆ ಇನ್ನೂ ಎಷ್ಟು ದಿನ ಅವಳ ಮಾತು ಕೇಳಿಕೊಂಡು ತೂತಿನಿಂದ ತೂತಿಗೆ ವಾಯರು ಬದಲಿಸುತ್ತಿದ್ದೆನೋ.

ಫೋನಿನಲ್ಲಿ ವಿಡಿಯೋ ಹುಡುಕಿದೆ. ಬೇರೆ ಕಂಪ್ಯೂಟರಿನಲ್ಲಿ ಕಾಣುತ್ತದೆ, ನನ್ನದರಲ್ಲಿ ಕಾಣುವುದಿಲ್ಲ ಎಂದು ಕೇಳಿದರೆ ಎಲ್ಲರೂ ಒಂದೇ ಜಾಗಕ್ಕೆ ಕರೆದುಕೊಂಡು ಹೋದರು. ಕಂಪ್ಯೂಟರಿನೊಳಗೆ ಡಿಸ್ಕುಗಳ ಲೆಕ್ಕ ಇಡುವ ಒಂದು ಕಿಟಕಿ ಇದೆ, ಡಿಸ್ಕ್ ಮ್ಯಾನೇಜ್‌ಮೆಂಟ್ ಎಂದು. ತಂಗಿ ನನ್ನನ್ನು ಎಲ್ಲೆಲ್ಲೋ ತಿರುಗಿಸಿದ್ದಳು, ಅಲ್ಲಿಗೆ ಮಾತ್ರ ಒಯ್ದಿರಲಿಲ್ಲ. ತೆಗೆದೆ. ನನ್ನ ಡಿಸ್ಕು ಅಲ್ಲಿ ಕೆಳಗೆ ನೆಮ್ಮದಿಯಾಗಿ ಕೂತಿತ್ತು. ಆರೋಗ್ಯವಾಗಿದೆ ಎಂದೂ ಬರೆದಿತ್ತು. ಬರೀ ಅದರ ಅಕ್ಷರ ಇರಲಿಲ್ಲ. ಸಿ, ಡಿ ಎನ್ನುವಂತೆ ಅದಕ್ಕಿದ್ದ ಇ ಎಂಬ ಅಕ್ಷರವನ್ನು ತೆಗೆದುಹಾಕಿದ್ದರು. ಅಕ್ಷರ ಇಲ್ಲದ ಡಿಸ್ಕನ್ನು ಕಂಪ್ಯೂಟರು ಮನೆಯೊಳಗೆ ಇಟ್ಟುಕೊಂಡಿರುತ್ತದೆ, ಆದರೆ ನಮಗೆ ತೋರಿಸುವುದಿಲ್ಲ. ತೆಗೆದದ್ದು ನೆನಪಿಟ್ಟುಕೊಳ್ಳುವುದು ಆ ಒಂದು ಕಂಪ್ಯೂಟರು ಮಾತ್ರ, ಬೇರೆಯದಕ್ಕೆ ಹಚ್ಚಿದರೆ ಅದು ತನ್ನಷ್ಟಕ್ಕೆ ಹೊಸ ಅಕ್ಷರ ಕೊಡುತ್ತದೆ. ಮೌಸಿನ ಬಲಗಡೆ ಗುಂಡಿ ಒತ್ತಿ ಮತ್ತೆ ಇ ಎಂದು ಕೊಟ್ಟೆ. ಮುಗಿಯಿತು. ಎಲ್ಲ ಬಂತು.

ಅಕ್ಷರ ತನ್ನಷ್ಟಕ್ಕೆ ಹೋಗುವುದೂ ಉಂಟು, ಅಪರೂಪಕ್ಕೆ, ಎಂದು ವಿಡಿಯೋದಲ್ಲಿ ಹೇಳಿದ್ದರು. ನಾನು ಆ ಅಪರೂಪವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸ್ವಚ್ಛ ಮಾಡುವಾಗ ಕೈ ತಪ್ಪಿರಬಹುದು ಎಂದುಕೊಂಡೆ. ಕೈ ತಪ್ಪಿದ್ದರೆ ಕುಂಕುಮದ ಮಾತು ಯಾಕೆ ಬಂತು ಎಂದು ಮನಸ್ಸು ಕೇಳಿದರೆ ಬಾಯಿ ಮುಚ್ಚಿಸಿದೆ. ಕೇಳಿಯೇ ಬಿಡುತ್ತೇನೆ ಎಂದು ಡಿಸ್ಕನ್ನು ಚೀಲದಲ್ಲಿ ಹಾಕಿಕೊಂಡು, ಅವಳಿಗೆ ಹೇಳದೆ, ಬಸ್ಸು ಹತ್ತಿದೆ. ಭೀಮೆ ದಾಟಿತು, ಶಹಾಪುರದಲ್ಲಿ ಇಳಿದು ಬೇರೆ ಬಸ್ಸು ಹಿಡಿದೆ. ದಾರಿಯುದ್ದಕ್ಕೂ, ಅವಳು ಸುಳ್ಳೇ ಹೇಳಲಿ, ಕೈ ತಪ್ಪಿತು ಎಂದೇ ಹೇಳಲಿ, ನಾನು ನಂಬಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ.

ಸುರಪುರದ ಅವಳ ಅಂಗಡಿಯ ಮೆಟ್ಟಿಲಲ್ಲೇ ಯಂತ್ರದ ಸಪ್ಪಳ ಕೇಳಿತು. ಒಳಗೆ ಹೋದರೆ ಚೌಕಟ್ಟಿನಲ್ಲಿ ಬಿಗಿದ ದಾಳಿಂಬರಿ ಬಣ್ಣದ ಬಟ್ಟೆ, ಅದರ ಮೇಲೆ ಬಾಯಿ ಬಿಟ್ಟ ಹತ್ತಿಕಾಯಿ. ಸೂಜಿ ಅರಳೆ ತುಂಬುತ್ತಿತ್ತು. ನನ್ನ ಅರಳೆ ಎಡದಿಂದ ಬಲಕ್ಕೆ ತುಂಬುತ್ತದೆ, ಅದೂ ಎಡದಿಂದಲೇ ಬರುತ್ತಿತ್ತು. ತಂಗಿ ತಿರುಗಿ ನೋಡಿದಳು. ನಾನು ಚೀಲ ಎತ್ತಿ ತೋರಿಸಿದೆ, ಡಿಸ್ಕು ಎದ್ದಿದೆ, ಅಕ್ಷರ ತೆಗೆದಿದ್ದರು, ಹಾಕಿದೆ ಎಂದೆ.

ಅವಳ ಬಾಯಿಂದ ಮೊದಲು ಬಂದ ಮಾತನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

“ಯಾರ ಕಂಪ್ಯೂಟರಿಗಿ ಹಚ್ಚಿದ್ದಿ? ಅವ್ರು ಕಾಪಿ ಹೊಡದಿರ್ತಾರೀಗ.”

ಕದ್ದವಳು ಕಳ್ಳರ ಬಗ್ಗೆ ನನಗೆ ಎಚ್ಚರಿಕೆ ಹೇಳುತ್ತಿದ್ದಳು. ಅದನ್ನು ಕಪಟದಿಂದ ಹೇಳಲಿಲ್ಲ, ನಿಜವಾಗಿ ಕಳವಳದಿಂದಲೇ ಹೇಳಿದಳು. ಅದಕ್ಕೇ ನನಗೆ ಹೆಚ್ಚು ನೋವಾಯಿತು. ನಾನು ಬಾಯಿಗೆ ಬಂದಂತೆ ಬೈದೆ. ಅವಳು ಅಲ್ಲಗಳೆಯಲಿಲ್ಲ. ಪಂಚಮಿಗೆ ಬಂದಾಗ ಎಲ್ಲವನ್ನೂ ತನ್ನ ಪೆನ್ ಡ್ರೈವಿಗೆ ಇಳಿಸಿಕೊಂಡು, ನನ್ನ ಡಿಸ್ಕಿನ ಅಕ್ಷರ ತೆಗೆದಿದ್ದಳು. ಸುರಪುರದಲ್ಲಿ ಎಷ್ಟು ಚೆನ್ನಾಗಿ ಮಾಡಿದರೂ ಯಾದಗಿರಿ ಅಕ್ಕನ ಕೈ ಬೇರೆ ಎಂದು ಮಂದಿ ಬಸ್ಸು ಹತ್ತಿ ಹೋಗುತ್ತಾರಂತೆ. ಪಂಚಿಂಗ್ ಮಾಡಿ ಕಣ್ಣು ಕಳೆದುಕೊಂಡವಳು ತಾನು, ಹೆಸರು ಮಾತ್ರ ನನ್ನದಂತೆ. ನನ್ನ ಹತ್ತಿರ ಡಿಸೈನು ಇರುವ ತನಕ ತನ್ನ ಹತ್ತಿರ ಯಾರೂ ಬರುವುದಿಲ್ಲವಂತೆ. ಕೇಳಿದ್ದರೆ ಕೊಡುತ್ತಿದ್ದೆನಲ್ಲ ಎಂದೆ. ಕೊಡುತ್ತಿದ್ದಿ, ಆದರೆ ನಿನ್ನವಾಗಿಯೇ ಇರುತ್ತಿದ್ದವು ಎಂದಳು.

“ಅಳಸ್ಲಿಲ್ಲಲ್ಲಕ್ಕ,” ಅಂದಳು ಆಮೇಲೆ, ಸಣ್ಣ ದನಿಯಲ್ಲಿ. “ಅಳಸಬೇಕಂತನ ಕುಂತಿದ್ದೆ. ಕೈ ಬರ್ಲಿಲ್ಲ.”

ಅದಕ್ಕೆ ನಾನು ಉಪಕಾರ ಹೇಳಬೇಕಾಗಿತ್ತೇನೋ. ಡಿಸ್ಕಿನ ಸಮೇತ ಚೀಲವನ್ನು ಅವಳ ಟೇಬಲ್ಲಿನ ಮೇಲೆ ಬಡಿದೆ. ಅಳಿಸಿದ್ದರೆ ಒಂದು ದಿನ ಅತ್ತು ಮುಗಿಸುತ್ತಿದ್ದೆ, ಇಷ್ಟು ದಿನ ನನ್ನನ್ನು ಮಂಗನ ಹಾಗೆ ಕುಣಿಸಿದೆಯಲ್ಲ ಎಂದೆ. ನೀರು ತಂದು ಮುಂದೆ ಹಿಡಿದಳು. ಕುಡಿಯದೆ, ಚೀಲ ಎತ್ತಿಕೊಂಡು ಇಳಿದು ಬಂದೆ. ತಂಗಿಯ ಮನೆಯ ನೀರು ಒಲ್ಲೆ ಎಂದು ಬರುವ ದಿನ ಬರುತ್ತದೆಂದು ನಾನು ಯಾವತ್ತೂ ನೆನೆಸಿರಲಿಲ್ಲ.

ಊರಿಗೆ ಬಂದ ಮೇಲೂ ಎರಡನೆಯ ಕಾಪಿ ಮಾಡಲಿಲ್ಲ. ಇದ್ದ ಒಂದನ್ನೇ ಮನೆಯವಳು ಕದ್ದಿರುವಾಗ ಇನ್ನೊಂದು ಯಾರ ಪಾಲಿಗೆ ಎಂಬ ಹಟ. ಅವಳ ಫೋನು ಬಂದರೆ ಎತ್ತುವುದು ಬಿಟ್ಟೆ. ಹತ್ತಿಕುಣಿಯ ಹುಡುಗಿಯ ಜಂಪರಿಗೆ ಬಟ್ಟೆ ಬರುವುದಿತ್ತು, ಅದು ಬರುವ ತನಕ ಬೇರೆ ಕೆಲಸ ಮಾಡುತ್ತಿದ್ದೆ. ನನ್ನ ಗಂಡ ಒಳ್ಳೆಯ ಮನುಷ್ಯ, ಇಬ್ಬರನ್ನೂ ಮಾತಿಗೆ ಕೂಡಿಸಬೇಕೆಂದು ಅವನಿಗೆ. ಒಂದು ಮಧ್ಯಾಹ್ನ ತಂಗಿಯ ಫೋನನ್ನು ತಾನು ಎತ್ತಿ, ಸ್ಪೀಕರಿಗೆ ಹಾಕಿ, ನನ್ನ ಕಂಪ್ಯೂಟರಿನ ಪಕ್ಕ ಇಟ್ಟು, ಚಹಾ ತರುತ್ತೇನೆಂದು ಹೋಗಿಬಿಟ್ಟ. ಅವಳು ಅಕ್ಕಾ, ಅಕ್ಕಾ ಎನ್ನುತ್ತಿದ್ದಳು. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ನನ್ನ ಡಿಸ್ಕು ಬೆಳಿಗ್ಗೆಯಿಂದ ಕಾಣುವುದು, ಮಾಯವಾಗುವುದು ಮಾಡುತ್ತಿತ್ತು, ಟಿಕ್ ಟಿಕ್ ಎಂದು ಸಣ್ಣ ಸಪ್ಪಳವೂ ಇತ್ತು. ಅಕ್ಷರ ಹೋಗಿರಬೇಕೆಂದು ನಾನು ಆ ಕಿಟಕಿ ತೆಗೆದು ನೋಡುತ್ತಿದ್ದೆ.

ಟಿಕ್ ಟಿಕ್ ಎನ್ನುವುದು ಫೋನಿನ ಆ ಕಡೆಗೂ ಹೋಯಿತು. ಅವಳು ಕೇಳಿದಳು, ಅದೇನು ಸಪ್ಪಳ ಎಂದು. ನಾನು ವಾಯರನ್ನು ಒತ್ತಿ ಕೂರಿಸಿದೆ.

“ಅಕ್ಕ, ಡಿಸ್ಕ ಹಂಗ ಟಿಕ್ ಅನ್ನಾಕತ್ತದೇನು? ಆರಸು ಮೊದಲ. ವಾಯರ ಕಿತ್ತು ಇಟ್ಟುಬಿಡು, ಮತ್ತ ಹಚ್ಚಬ್ಯಾಡ. ಅವತ್ತ ಟೇಬಲ್ ಮ್ಯಾಲ ಬಡದಿದ್ದಿಯಲ್ಲ, ಒಳಗ ಪೆಟ್ಟಾಗ್ಯದ. ಹಚ್ಚಿದಷ್ಟು ಕೆರದು ಹಾಕ್ತದ. ಖರೆ ಹೇಳಾಕತ್ತೀನಿ.”

ಖರೆ ಎಂಬ ಆ ಮಾತಿಗೇ ನನ್ನ ಸಿಟ್ಟು ನೆತ್ತಿಗೇರಿತು. ಕಿತ್ತು ಇಡಬೇಕೇ, ಇಟ್ಟು ಸುರಪುರಕ್ಕೆ ಕಳಿಸಬೇಕೇ ಎಂದು ಕೇಳಿದೆ. ಅಳುತ್ತಾ ಅದನ್ನೇ ಮತ್ತೆ ಹೇಳಿದಳು, ಆರಿಸು ಎಂದು. ಕುಂಕುಮ ಹೋಗಿದೆ ಎಂದಾಗಲೂ ಇಷ್ಟೇ ಅಕ್ಕರೆ ಇತ್ತು ಅವಳ ದನಿಯಲ್ಲಿ. ಎರಡು ದನಿಗೂ ವ್ಯತ್ಯಾಸ ಕಂಡುಹಿಡಿಯುವುದು ಹೇಗೆ, ಯಾರಾದರೂ ಹೇಳಲಿ. ನಾನು ಫೋನು ಕತ್ತರಿಸಿ, ಅವಳು ಬೇಡ ಎಂದದ್ದನ್ನೇ ಮಾಡಿದೆ. ತೆಗೆದೆ, ಹಚ್ಚಿದೆ. ಹಿಂದಿನ ತೂತಿಗೆ ಹಾಕಿದೆ, ಬೇರೆ ವಾಯರಿಗೆ ಹಾಕಿದೆ, ಎಲ್ಲ ಆರಿಸಿ ಮತ್ತೆ ಹಚ್ಚಿದೆ. ಟಿಕ್ ಟಿಕ್ ಎನ್ನುವುದು ಜೋರಾಯಿತು, ಆಮೇಲೆ ಕೆರೆಯುವ ಸಪ್ಪಳ ಬಂತು. ಆಮೇಲೆ ಅದೂ ನಿಂತಿತು. ಡಿಸ್ಕುಗಳ ಕಿಟಕಿಯಲ್ಲೂ ಅದರ ಹೆಸರಿಲ್ಲ. ದೀಪ ಮಾತ್ರ ಉರಿಯುತ್ತಿತ್ತು. ಕೈ ಇಟ್ಟೆ. ಏನೂ ತಿರುಗುತ್ತಿರಲಿಲ್ಲ.

ಅವಳು ಹೇಳಿದ್ದು ಖರೆಯೇ ಆಗಿತ್ತು. ಕಲಬುರಗಿಗೆ ನಾನೇ ಒಯ್ದು ತೋರಿಸಿದೆ. ಒಳಗಿನ ತಟ್ಟೆಯ ಮೇಲೆ ಗೀರು ಬಿದ್ದಿದೆ, ಮೊದಲ ಸಪ್ಪಳಕ್ಕೇ ಆರಿಸಿ ತಂದಿದ್ದರೆ ಏನಾದರೂ ಸಿಗುತ್ತಿತ್ತು ಎಂದರು ಅಲ್ಲಿಯ ರಿಪೇರಿಯವರು. ಹಿಂದಕ್ಕೆ ಬರುವಾಗ ರೈಲಿನಲ್ಲಿ ಎಲ್ಲವನ್ನೂ ತಿರುಗಿಸಿ ತಿರುಗಿಸಿ ಯೋಚಿಸಿದೆ. ಟೇಬಲ್ಲಿಗೆ ಬಡಿದ ಕೈ ನನ್ನದು, ಒಪ್ಪುತ್ತೇನೆ. ಆದರೆ ಅವಳ ಖರೆ ಮಾತು ನನ್ನ ಕಿವಿಗೆ ಸುಳ್ಳಾಗಿ ಕೇಳಿಸಿತಲ್ಲ, ಹಾಗೆ ಮಾಡಿದವಳು ಅವಳೇ. ಡಿಸೈನು ಕದ್ದಿದ್ದಕ್ಕಿಂತ ಇದು ನನಗೆ ದೊಡ್ಡ ಕಳವು.

ಹತ್ತಿಕುಣಿಯಿಂದ ಬಟ್ಟೆ ಬಂತು. ಹುಡುಗಿಯೇ ತಂದು ಕೊಟ್ಟಳು, ಅರಿಷಿಣ ಬಣ್ಣದ ರೇಷ್ಮೆ. ಹಾಳೆ ತಗೊಂಡು ಹತ್ತಿಕಾಯಿಯನ್ನು ಹೊಸದಾಗಿ ಬರೆಯಲು ಕೂತೆ. ಬರೆದೆ, ಹರಿದೆ. ಕಾಯಿ ಬಂತು, ಅರಳೆ ಬರಲಿಲ್ಲ. ಈಗ ನನ್ನ ಹತ್ತಿಕಾಯಿ ಇಡೀ ಭೂಮಿಯ ಮೇಲೆ ಇರುವುದು ಒಂದೇ ಕಡೆ, ಅದನ್ನು ಕದ್ದವಳ ಕಂಪ್ಯೂಟರಿನಲ್ಲಿ. ತೊಗರಿ ಹೂವು, ಜೋಳದ ತೆನೆ, ಎಲ್ಲ ಅಲ್ಲೇ. ಅವಳು ಕದಿಯದೆ ಹೋಗಿದ್ದರೆ ಅವು ಎಲ್ಲಿಯೂ ಇರುತ್ತಿರಲಿಲ್ಲ ಎಂದು ನನ್ನ ಗಂಡ ಮೆಲ್ಲಗೆ ಹೇಳಿದ. ಅವನ ಮೇಲೆ ಸಿಡುಕಿದೆ. ಅವಳು ಕದಿಯದೆ ಹೋಗಿದ್ದರೆ ನಾನು ಟೇಬಲ್ಲಿಗೆ ಬಡಿಯುತ್ತಲೂ ಇರಲಿಲ್ಲ ಎಂದೆ. ಆದರೆ ಬಟ್ಟೆ ಕಪಾಟಿನಲ್ಲಿತ್ತು, ಮದುವೆ ಹತ್ತಿರ ಬಂದಿತ್ತು.

ಫೋನು ಮಾಡಿದೆ. ಡಿಸ್ಕು ಹೋಯಿತು, ನಿನ್ನ ಹತ್ತಿರ ಇದ್ದದ್ದನ್ನು ಒಂದು ಕಾಪಿ ಕೊಡು ಎಂದು ಕೇಳಿದೆ. ನನ್ನದನ್ನು ನಾನೇ ಬೇಡಿದೆ. ಅವಳು ಒಂದು ಮಾತೂ ಎದುರಾಡಲಿಲ್ಲ. ಮರುದಿನದ ಬಸ್ಸಿನಲ್ಲಿ ಕಂಡಕ್ಟರನ ಕೈಯಲ್ಲಿ ಹೊಸ ಡಿಸ್ಕು ಬಂತು, ಬಟ್ಟೆಯಲ್ಲಿ ಸುತ್ತಿ, ಮೇಲೆ ದಾರದಿಂದ ಹೊಲಿದು. ಕಂಪ್ಯೂಟರಿಗೆ ಹಚ್ಚಿದೆ. ಒಂದು ತಕರಾರಿಲ್ಲದೆ ಬಂತು. ಹತ್ತಿಕಾಯಿ ತೆಗೆದೆ. ಒಂದು ಹೊಲಿಗೆಯೂ ಕಡಿಮೆ ಇರಲಿಲ್ಲ.

ಮುಟ್ಟಿದ್ದು ತಿಳಿಸಬೇಕಲ್ಲ, ಮತ್ತೆ ಫೋನು ಮಾಡಿದೆ. ಚಿಕ್ಕಂದಿನಿಂದ ಅವಳಿಗೆ ಕೊಟ್ಟಿದ್ದೇನೆ, ಅವಳಿಂದ ತಗೊಂಡಿದ್ದೇನೆ. ಇಬ್ಬರಲ್ಲಿ ಒಬ್ಬರೂ ಉಪಕಾರದ ಮಾತು ಎಂದೂ ಆಡಿರಲಿಲ್ಲ. ಅದು ನಾವು ನೆರೆಯವರಿಗೆ, ಬಸ್ಸಿನಲ್ಲಿ ಜಾಗ ಬಿಟ್ಟವರಿಗೆ ಹೇಳುವ ಮಾತು.

“ಬಂದು ಮುಟ್ಟ್ಯದ,” ಅಂದೆ. “ಎಲ್ಲಾ ಅವ. ನಿನ್ನಿಂದ ಭಾಳ ಉಪಕಾರ ಆತು.”

ಆ ಕಡೆ ಓಡುತ್ತಿದ್ದ ಯಂತ್ರವನ್ನು ಅವಳು ನಿಲ್ಲಿಸಿದ್ದು ಕೇಳಿಸಿತು.

“ನನಗ ಹಂಗ ಅನಬ್ಯಾಡಕ್ಕ,” ಅಂದಳು. “ಬೇಕಾದ್ರ ಬೈ.”

ಬೈಯಲು ಬಾಯಿ ತೆರೆದೆ. ಮದುವೆ ಬಟ್ಟೆ ಯಂತ್ರಕ್ಕೆ ಹಾಕಬೇಕಾಗಿದೆ ಎಂದು ಹೇಳಿ ಫೋನು ಇಟ್ಟೆ.